ಗಾಳಿಯಲ್ಲಿ ಓಡುತ್ತಿದ್ದ ಜೀಪು

ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಗಾಡಿಗಳ ಇಂಜಿನ್ ಬೆಲ್ಟ್ ಮಾರುವ ಒಂದು ಅಂಗಡಿ ಇತ್ತು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಹಳೆಯ ಅಭ್ಯಾಸದಂತೆ ತಲೆ ಎತ್ತಿ ನೋಡಿದೆ. ಬೆಲ್ಟುಗಳು ತೂಗುತ್ತಿದ್ದ ಮೊಳೆಗಳಲ್ಲಿ ಬಣ್ಣಬಣ್ಣದ ಇಯರ್‌ಫೋನುಗಳು ನೇತಾಡುತ್ತಿದ್ದವು. "ಏನ್ ನಿಂತ್ಕಂಡ್ ನೋಡ್ತಿದ್ದೀರಿ ಮೇಷ್ಟ್ರೇ, ಬೆಲ್ಟೇನು ತಾನಾಗೇ ಬಂದು ಕೊರಳಿಗ್ ಬೀಳ್ತದಾ?" ಎಂಬ ದನಿ ಒಳಗಿನಿಂದ ಬರಲಿಲ್ಲ. ಮನಸ್ಸಿಗೆ ಪಿಚ್ಚೆನಿಸಿತು. ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಗಾಬರಿಯಾಗಬೇಡಿ, ಆ ದನಿಯ ಒಡತಿ ಗಟ್ಟಿಮುಟ್ಟಾಗಿಯೇ ಇದ್ದಾರೆ. ಮಂಡಿ ನೋವಿನಿಂದ ದಿನವಿಡೀ ನಿಂತು ವ್ಯಾಪಾರ ಮಾಡಲಾಗದೆ, ಅಂಗಡಿ ಬಿಟ್ಟುಕೊಟ್ಟು ಹನೂರಿನಲ್ಲಿ ತಮ್ಮನ ಮನೆಯ ಪಕ್ಕದಲ್ಲೇ ಒಂದು ಮನೆ ಮಾಡಿಕೊಂಡಿದ್ದಾರೆ. ಹೆಸರು ಮಾತ್ರ ಹೇಳಲಾರೆ. ಬರೆಯಲೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, "ಬರ್ಕಳಿ, ಬ್ಯಾಡ ಅನ್ನಾಕಿಲ್ಲ. ಎಸ್ರು ಗಿಸ್ರು ಆಕುದ್ರೆ ಮಾತ್ರ ನಿಮ್ ಕಾರಿನ್ ಕ್ಲಚ್ ವೈರ್ ಕಿತ್ತಾಕ್ಬುಡ್ತೀನಿ ಅಷ್ಟೇಯ" ಎಂದರು. ಅವರು ಹೇಳಿದ್ದನ್ನು ಮಾಡುವವರೇ. ಆದ್ದರಿಂದ ಊರಿನ ಲಾರಿ, ಟೆಂಪೋದವರೆಲ್ಲ ಕರೆಯುತ್ತಿದ್ದಂತೆ ನಾನೂ ಅಕ್ಕ ಎಂದೇ ಬರೆಯುತ್ತೇನೆ.

ನನ್ನದು ಡ್ರೈವಿಂಗ್ ಸ್ಕೂಲು. ಸ್ಕೂಲು ಎನ್ನುವುದು ದೊಡ್ಡ ಮಾತು. ಒಂದು ಬೋರ್ಡು, ಒಂದು ಪುಟ್ಟ ಕಾರು, ಅದಕ್ಕೆ ಎರಡು ಕಡೆ ಬ್ರೇಕು, ಎಡಗಡೆ ಬ್ರೇಕಿನ ಮೇಲೆ ಸದಾ ಕಾಲಿಟ್ಟುಕೊಂಡು ದೇವರ ಸ್ಮರಣೆ ಮಾಡುತ್ತಾ ಕೂತ ನಾನು. ಅಷ್ಟೇ ಬಂಡವಾಳ. ಈ ಬಂಡವಾಳಕ್ಕೂ ಅಕ್ಕ "ಮೇಷ್ಟ್ರು" ಎಂಬ ಬಿರುದು ಕೊಟ್ಟಿದ್ದರು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅಕ್ಕನ ಅಂಗಡಿಗೆ ಒಂದು ಎಮ್ಮೆ ಅಡ್ಡ ನಿಂತರೆ ಬಾಗಿಲೇ ಮುಚ್ಚಿಹೋಗುವಷ್ಟು ಅಗಲ. ಮೂರು ಗೋಡೆಗೂ ಮೊಳೆ, ಮೊಳೆಯ ತುಂಬಾ ಬೆಲ್ಟು, ಕೆಳಗೆ ಮೂಲೆಯಲ್ಲಿ ಒಂದಷ್ಟು ಕ್ಲಚ್ ಪ್ಲೇಟು. ಗಿರಾಕಿ ಹರಿದ ಬೆಲ್ಟಿನ ತುಂಡು ತಂದರೆ ಅದನ್ನು ಒಳಮೈ ಹೊರಗಾಗುವಂತೆ ಬಗ್ಗಿಸಿ, ಬಿರುಕು ನೋಡಿ, ಮೂಸಿ, "ಎಣ್ಣೆ ಕುಡ್ಸಿದ್ದೀಯ ಕಣ್ಲಾ ಇದ್ಕೆ" ಎಂದು ಮೊದಲು ಬೈದು ಆಮೇಲೆ ಹೊಸದನ್ನು ಇಳಿಸುತ್ತಿದ್ದರು. ಗಡಿಯ ಪಾಲಾರ್ ದಾಟಿ ಬರುವ ಲಾರಿಯವರಿಗೆ ತಮಿಳಿನಲ್ಲಿ ಬೈಗುಳ, ನಮಗೆ ಕನ್ನಡದಲ್ಲಿ. ಬೈಸಿಕೊಂಡವರು ಮುಂದಿನ ಸಲವೂ ಅಲ್ಲಿಗೇ ಬರುತ್ತಿದ್ದರು. ಬೈಯದೆ ಕೊಟ್ಟ ಬೆಲ್ಟು ಬಾಳಿಕೆ ಬರುವುದಿಲ್ಲ ಎಂಬ ನಂಬಿಕೆಯೇ ಕೆಲವರಲ್ಲಿ ಬೆಳೆದಿತ್ತು.

"ಫ್ಯಾನ್ ಬೆಲ್ಟು ಬಿಗಿ ಜಾಸ್ತಿ ಆದ್ರೆ ಬೇರಿಂಗ್ ತಿಂತದೆ, ಸಡ್ಲ ಆದ್ರೆ ಮಾನ ತಿಂತದೆ" ಎನ್ನುವುದು ಅವರ ಮಾತು. ಇಂಜಿನ್ನಿನ ತಿರುಗಾಟದಲ್ಲಿ ಒಂದಿಷ್ಟನ್ನು ಪಡೆದು ನೀರಿನ ಪಂಪಿಗೂ ಬ್ಯಾಟರಿ ತುಂಬುವ ಡೈನಮೋಗೂ ಕೊಡುವುದು ಆ ಬೆಲ್ಟಿನ ಕೆಲಸ. ಎಳೆದು ಕಟ್ಟಿದರೆ ಆ ಕಡೆಯ ಬೇರಿಂಗು ಸವೆಯುತ್ತದೆ. ಸಡಿಲ ಬಿಟ್ಟರೆ ಜಾರಿ, ನಡುಬೀದಿಯಲ್ಲಿ ಕೀಂಯ್ ಎಂದು ಕಿರುಚಿ ಓನರನ ಮರ್ಯಾದೆ ತೆಗೆಯುತ್ತದೆ. ಹೆಬ್ಬೆಟ್ಟಿನಲ್ಲಿ ಒತ್ತಿದರೆ ಚೂರು ತಗ್ಗಬೇಕು, ಹೆಚ್ಚು ತಗ್ಗಬಾರದು. ನನ್ನ ಮಗಳ ಮದುವೆಗೆ ಬಂದ ಅಕ್ಕ ಬೀಗರ ಎದುರಿಗೇ ಹೊಸ ಅಳಿಯನಿಗೆ ಇದನ್ನೇ ಹೇಳಿ, ಗಾಳಿಯಲ್ಲಿ ಹೆಬ್ಬೆಟ್ಟು ಒತ್ತಿ ತೋರಿಸಿದರು. ಅಳಿಯ ಮೆಕ್ಯಾನಿಕ್ಕೂ ಅಲ್ಲ, ಡ್ರೈವರೂ ಅಲ್ಲ, ಬ್ಯಾಂಕಿನವನು. ಆದರೂ ತಲೆಯಾಡಿಸಿದ.

ಅಕ್ಕ ಹುಟ್ಟಿದ್ದು ರೇಷ್ಮೆ ಸೀರೆ ನೇಯುವ ಮನೆಯಲ್ಲಿ, ಕೈಹಿಡಿದದ್ದು ಒಬ್ಬ ಮೆಕ್ಯಾನಿಕ್ಕನ್ನು. ಅಂಗಡಿಯ ಹಿಂದೆಯೇ ಯಜಮಾನರ ಶೆಡ್ಡು. ಅವರು ಮಾತು ಕಡಿಮೆ ಆಡುತ್ತಿದ್ದರು, ಹೆಂಡತಿ ಆ ಕೊರತೆಯನ್ನು ತುಂಬಿಸುತ್ತಿದ್ದರು. ಮಕ್ಕಳಿರಲಿಲ್ಲ. ಯಜಮಾನರು ಒಂದು ಕಡೆಯಿಂದ ಇಂಜಿನ್ನು, ಇನ್ನೊಂದು ಕಡೆಯಿಂದ ಆಕ್ಸಲ್ಲು, ಎಲ್ಲಿಂದಲೋ ಬಾಡಿ ತಂದು ಒಂದು ಜೀಪು ಕಟ್ಟಿದ್ದರು. ಅದಕ್ಕೆ ಪಾಚಿ ಹಸಿರು ಬಣ್ಣ. ಗಂಡ ಓಡಿಸುವುದು, ಅಕ್ಕ ಎಡಗಡೆ ಕೂತು ಏನು ಸದ್ದಾಗುತ್ತಿದೆ ಎಂದು ಹೇಳುವುದು, ಹೀಗೆ ಇಬ್ಬರೂ ಊರೂರು ತಿರುಗುತ್ತಿದ್ದರು. ಯಜಮಾನರು ತೀರಿಕೊಂಡ ಮೇಲೆ ಜೀಪು ಶೆಡ್ಡಿನಲ್ಲೇ ನಿಂತಿತು.

ನಿಂತಿತು ಎಂದರೆ ತಪ್ಪಾಗುತ್ತದೆ. ಹಿಂದಿನ ಆಕ್ಸಲ್ಲಿನ ಕೆಳಗೆ ಎರಡು ಕಡೆಯೂ ಸೈಜುಗಲ್ಲು ಪೇರಿಸಿ, ಹಿಂಚಕ್ರಗಳು ನೆಲಕ್ಕೆ ತಾಗದಂತೆ ಎತ್ತಿ ನಿಲ್ಲಿಸಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಕ್ಕ ಡ್ರೈವರ್ ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡುತ್ತಿದ್ದರು. ಫಸ್ಟು, ಸೆಕೆಂಡು, ಥರ್ಡು. ಹಿಂಚಕ್ರಗಳು ಗಾಳಿಯಲ್ಲಿ ಗಿರಗಿರನೆ ತಿರುಗುತ್ತಿದ್ದವು, ಜೀಪು ಮಾತ್ರ ಒಂದು ಅಂಗುಲವೂ ಕದಲುತ್ತಿರಲಿಲ್ಲ. ಸುಮ್ಮನೆ ಬಿಟ್ಟರೆ ಹಿಂದಿನ ಗೇರುಗಳ ಎಣ್ಣೆ ತಳದಲ್ಲೇ ಕೂತು ಮೇಲಿನ ಹಲ್ಲು ತುಕ್ಕು ಹಿಡಿಯುತ್ತದೆ, ತಿರುಗಿಸುತ್ತಿದ್ದರೆ ಎಣ್ಣೆ ಎಲ್ಲ ಕಡೆ ಓಡಾಡುತ್ತದೆ, ಎನ್ನುವುದು ಅವರು ಕೊಡುತ್ತಿದ್ದ ಕಾರಣ. ಅಕ್ಕಪಕ್ಕದವರು "ಅಕ್ಕ ಇವತ್ತು ಎಲ್ಲಿಗ್ ಓಗಿದ್ರಿ?" ಎಂದು ಕಿಚಾಯಿಸಿದರೆ "ಮೈಸೂರ್ಗೆ, ನಿಮ್ಮತ್ತೆ ಮನೆಗೆ" ಎನ್ನುತ್ತಿದ್ದರು.

ಒಂದು ಭಾನುವಾರ ಫ್ಯಾನ್ ಬೆಲ್ಟ್ ಕೊಳ್ಳಲು ಹೋದವನು ಶೆಡ್ಡಿನಲ್ಲಿ ಸಿಕ್ಕಿಬಿದ್ದೆ. ಹಿಂದಿನ ಆಕ್ಸಲ್ಲಿನ ನಡುವೆ ಗುಂಡಗೆ ಉಬ್ಬಿಕೊಂಡಿರುತ್ತದಲ್ಲ, ಅದು ಯಾಕೆ ಹಾಗೆ ಎಂದು ಸುಮ್ಮನೆ ಕೇಳಿದೆ. ಅಕ್ಕನಿಗೆ ಕೇಳಿದ್ದೇ ಸಾಕಾಯಿತು.

"ಅದು ಡಿಪ್ರೆನ್ಸು" ಎಂದರು. ಡಿಫರೆನ್ಷಿಯಲ್ ಎಂಬ ಉದ್ದನೆಯ ಹೆಸರನ್ನು ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಹೀಗೆ ಕತ್ತರಿಸಿಟ್ಟುಕೊಂಡಿದ್ದಾರೆ. "ನಮ್ಮಪ್ಪನ್ ಮನೇಲಿ ನೂಲ್ ಸುತ್ತಿರೋ ದಿಂಡ್ನ ಇಬ್ರು ಒತ್ಕಂಡ್ ಬೀದೀಲ್ ಬರೋರು. ಆ ತುದಿ ಒಬ್ರು, ಈ ತುದಿ ಒಬ್ರು, ದಿಂಡು ಅಡ್ಡಡ್ಡ. ನೆಟ್ಟಗ್ ಓಗೋವಾಗ ಇಬ್ರುದೂ ಒಂದೇ ಎಜ್ಜೆ. ಮೂಲೆ ತಿರುಗ್ಬೇಕಾದ್ರೆ?"

"ಒಳಗಿರುವವರು ನಿಧಾನ ಮಾಡಬೇಕು."

"ಒರಗಿರೋರು ಬಿರಬಿರ್ನೆ ನಡೀಬೇಕು. ಇಬ್ರೂ ಒಂದೇ ಸಮ ನಡುದ್ರೆ ದಿಂಡು ಗ್ವಾಡೆಗ್ ಓಗಿ ಗುದ್ದುತದೆ. ಗಾಡಿ ಚಕ್ರನೂ ಅಂಗೇಯ. ಇಂಜಿನ್ ತಿರುಗ್ನ ಉದ್ದನ್ ಶಾಫ್ಟು ಇಂದಕ್ಕೆ ತತ್ತದೆ. ಎರಡು ಚಕ್ರಕ್ಕೂ ಅಂಚೋದು ಈ ಉಬ್ಬೊಳ್ಗಿರೋ ಗೇರ್ಗಳ ಕೆಲ್ಸ. ತಿರುವಲ್ಲಿ ಒಳ್ಗಿನ್ ಚಕ್ರ ಎಷ್ಟು ನಿಧಾನ ಆಯ್ತದೋ ಒರಗಿಂದು ಅಷ್ಟು ಜೋರಾಯ್ತದೆ."

ಆಮೇಲೆ ಇಂಜಿನ್ ಆಫ್ ಮಾಡಿ, ಗೇರಿಗೆ ಹಾಕಿ, ನನ್ನನ್ನು ಹಿಂದೆ ಕಳಿಸಿ, "ಈ ಚಕ್ರ ಕೈಯಾಗೆ ಮುಂದಕ್ ತಿರುಗ್ಸಿ" ಎಂದರು. ತಿರುಗಿಸಿದೆ. ಆಚೆಯ ಚಕ್ರ ಹಿಂದಕ್ಕೆ ತಿರುಗಿತು. ಹಿಂದಕ್ಕೆ ತಿರುಗಿಸಿದೆ, ಅದು ಮುಂದಕ್ಕೆ ಬಂತು. ನನಗೆ ಚಿಕ್ಕ ಮಕ್ಕಳಂತೆ ಖುಷಿಯಾಯಿತು. ಒಂದಷ್ಟು ಹೊತ್ತು ಅದನ್ನೇ ಮಾಡುತ್ತಾ ಕೂತೆ. ಅಕ್ಕ ಒಳಗೆ ಹೋಗಿ ಕಾಫಿ ಕಾಯಿಸಿಕೊಂಡು ಬಂದರು.

ಕಾಫಿ ಕುಡಿಯುತ್ತಿದ್ದಾಗ ಅವರ ತಮ್ಮ ಬಂದ. ಹನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ಸಾಧು ಮನುಷ್ಯ, ಅಕ್ಕನೆಂದರೆ ಜೀವ. ಒಬ್ಬಳೇ ಇದ್ದು ಈ ಗಾಡಿಯನ್ನು ನೋಡಿ ನೋಡಿ ಕೊರಗುತ್ತಾಳೆ ಎನ್ನುವುದು ಅವನ ಚಿಂತೆ.

"ಅಕ್ಕ, ಇದು ನಿಂತಲ್ಲೇ ಡೀಸೆಲ್ ಕುಡೀತದೆ. ಓಡ್ಸೋರಂತೂ ಇಲ್ಲ. ಗುಜರಿಯವ್ನು ಕೇಳ್ತಾವ್ನೆ, ಕೊಟ್ಬುಡವ."

"ಓಡ್ಸೋರಿಲ್ಲ ಅಂತ ತಾನೇ ನಿನ್ ತಕರಾರು? ನಾನ್ ಓಡುಸ್ತೀನಿ."

"ನೀನಾ? ಈ ವಯಸ್ನಲ್ಲಾ?"

"ವಯಸ್ಸು ನಂಗಾಗಿರೋದು ಕಣ್ಲಾ. ಸ್ಟೇರಿಂಗ್ಗೇನಾಗದೆ?"

ಮಾತಿಗೆ ಮಾತು ಬೆಳೆಯಿತು. ಕೊನೆಗೆ ತಮ್ಮ ಸೋತವನಂತೆ ಹೇಳಿದ, "ಆಯ್ತು. ಯುಗಾದಿ ದಿನ ನೀನೇ ಇದ್ನ ಓಡುಸ್ಕಂಡು ಹನೂರ್ಗೆ ನಮ್ಮನೆ ಊಟಕ್ ಬಾ. ನಾನು ಇನ್ ಮ್ಯಾಕೆ ಗುಜರಿ ಅನ್ನೋ ಮಾತೇ ಆಡಾಕಿಲ್ಲ. ಬರ್ನಿಲ್ಲ ಅಂದ್ರೆ ಮಾರ್ನೇ ದಿನ ಗಾಡಿ ಕೊಟ್ಬುಡ್ಬೇಕು."

"ಕೊಟ್ಬುಡ್ತೀನಿ. ಇದು ನಮ್ ಯಜಮಾನ್ರ ಮ್ಯಾಲಾಣೆ."

ಆಗಷ್ಟೇ ದೀಪಾವಳಿ ಮುಗಿದಿತ್ತು. ತಮ್ಮ ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನಾಳಿಂದ ಬತ್ತೀನಿ." ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಕಲಿಕೆಯ ಲೈಸೆನ್ಸ್ ಮಾಡಿಸಿ, ಬೆಳಿಗ್ಗೆ ಬೇಗ ಯಳಂದೂರಿನ ರಸ್ತೆಯಲ್ಲಿ ಪಾಠ ಶುರು ಮಾಡಿದೆವು. ಮೊದಲ ದಿನ ಕಾರು ನಿಲ್ಲಿಸಿಕೊಂಡೇ ಗೇರು ಹಾಕಲು ಹೇಳಿದೆ. ಕಾಲು ಕ್ಲಚ್ಚಿನ ಮೇಲೆ ಇಟ್ಟ ರೀತಿ, ಗೇರ್ ರಾಡನ್ನು ನೋಡದೆ ನೂಕಿದ ರೀತಿ ಕಂಡು ನಾನು ಬೆರಗಾದೆ. ವರ್ಷಗಟ್ಟಲೆ ಭಾನುವಾರ ಭಾನುವಾರ ಮಾಡಿದ ಅಭ್ಯಾಸ! ಈಕೆಗೆ ಕಲಿಸುವುದು ಏನೂ ಇಲ್ಲ, ಒಂದು ವಾರದ ಕೆಲಸ ಎಂದುಕೊಂಡೆ. "ಸರಿ ಅಕ್ಕ, ಹೊರಡಿ" ಎಂದೆ. ಅವರು ಫಸ್ಟ್ ಗೇರ್ ಹಾಕಿ ಕ್ಲಚ್ಚಿನಿಂದ ಕಾಲನ್ನು ಪಟ್ಟನೆ ಎತ್ತಿದರು. ಕಾರು ಒಮ್ಮೆ ಕುಪ್ಪಳಿಸಿ, ಸತ್ತಿತು. ಮತ್ತೆ ಸ್ಟಾರ್ಟ್, ಮತ್ತೆ ಕುಪ್ಪಳಿಕೆ, ಮತ್ತೆ ಸಾವು. ಅಂದು ನಾವು ಕಪ್ಪೆಯಂತೆ ಹೋದದ್ದು ಒಂದು ಹುಣಸೆಮರದಿಂದ ಇನ್ನೊಂದು ಹುಣಸೆಮರದವರೆಗೆ.

ಯೋಚಿಸಿದ ಮೇಲೆ ನನಗೆ ಅರ್ಥವಾಯಿತು. ಕಲ್ಲಿನ ಮೇಲೆ ಕೂತ ಜೀಪಿನಲ್ಲಿ ಕ್ಲಚ್ಚನ್ನು ಹೇಗೆ ಬಿಟ್ಟರೂ ಚಕ್ರ ತಿರುಗುತ್ತದೆ, ಅದಕ್ಕೆ ಹೊರಲು ಏನೂ ಇಲ್ಲ. ನೆಲದ ಮೇಲೆ ಇಡೀ ಗಾಡಿಯನ್ನು ಹೊತ್ತು ಹೊರಡಬೇಕು. ಅಕ್ಕ ಇಷ್ಟು ವರ್ಷ ಕಲಿತಿದ್ದೆಲ್ಲ ಗಾಳಿಯಲ್ಲಿ ಓಡಿಸುವುದನ್ನು. ಇದನ್ನು ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂಗಾರೆ ಮೈಸೂರ್ಗೆ ನಾನು ಓಗೇ ಇಲ್ವಾ!"

ನಕ್ಕರೂ ಸಮಸ್ಯೆ ಹೋಗಲಿಲ್ಲ. ಕ್ಲಚ್ಚನ್ನು ಅರ್ಧ ಹಿಡಿದು, ಜಾರಿಸುತ್ತಾ, ನಿಧಾನವಾಗಿ ಬಿಡಿ ಎಂದು ನಾನು ಗಂಟಲು ಹರಿದುಕೊಂಡೆ. ಅಕ್ಕ ಒಪ್ಪಲಿಲ್ಲ. ಜಾರಿಸಿದರೆ ಕ್ಲಚ್ ಪ್ಲೇಟು ಸವೆಯುತ್ತದೆ ಎಂಬುದು ಅವರ ವಾದ. "ಪ್ಲೇಟ್ ಉಜ್ಕಳೋ ವಾಸ್ನೆ ಬತ್ತಾ ಅದೆ ಮೇಷ್ಟ್ರೇ, ಕರುಳು ಕಿತ್ತಂಗಾಯ್ತದೆ." ನನಗೆ ಯಾವ ವಾಸನೆಯೂ ಬಂದಿರಲಿಲ್ಲ. ನನ್ನ ಬಳಿ ಕಲಿತವರು ಇಷ್ಟು ವರ್ಷ ಆ ಪ್ಲೇಟಿಗೆ ಏನೇನು ಮಾಡಿದ್ದಾರೋ, ಒಬ್ಬರೂ ಅದರ ಕಷ್ಟ ಸುಖ ವಿಚಾರಿಸಿರಲಿಲ್ಲ.

"ಅಕ್ಕ, ಪ್ಲೇಟ್ ಇರುವುದೇ ಸವೆಯೋದಕ್ಕೆ" ಎಂದೆ.

"ಪ್ಲೇಟ್ ಮಾರೋ ಅಂಗ್ಡಿಯವ್ಳಿಗೇ ಏಳ್ತೀರಾ?" ಎಂದು ಸಿಡುಕಿದರು. ಆದರೆ ಮರುದಿನ ಕಾರು ಕುಪ್ಪಳಿಸದೆ ಹೊರಟಿತು. ಹಲ್ಲು ಕಚ್ಚಿಕೊಂಡು, ಕಣ್ಣು ಕಿರಿದು ಮಾಡಿಕೊಂಡು, ತಾಯಿ ಮಗುವಿಗೆ ಸೂಜಿ ಹಾಕಿಸುವಾಗಿನ ಮುಖದಲ್ಲಿ ಅಕ್ಕ ಮೊದಲ ಸಲ ಕಾರು ಓಡಿಸಿದರು.

ಅಗರದ ಹತ್ತಿರ ಒಂದು ಬೆಳಿಗ್ಗೆ ಹೊನ್ನೂರು ಕಡೆಯ ಟ್ರಾಕ್ಟರೊಂದು ಕಬ್ಬು ಹೇರಿಕೊಂಡು ರಸ್ತೆಯ ಬದಿಯಲ್ಲಿ ಹೂತಿತ್ತು. ಎಡಗಡೆಯ ದೊಡ್ಡ ಚಕ್ರ ಕೆಸರು ಚಿಮ್ಮಿಸುತ್ತಾ ಸುಮ್ಮನೆ ಸುತ್ತುತ್ತಿತ್ತು, ಗಟ್ಟಿ ನೆಲದ ಮೇಲಿದ್ದ ಬಲಚಕ್ರ ಮಿಸುಕುತ್ತಿರಲಿಲ್ಲ. ಅಕ್ಕ ನನ್ನನ್ನು ಕೇಳದೆ ಕಾರು ನಿಲ್ಲಿಸಿದರು.

"ನೋಡಿ ಮೇಷ್ಟ್ರೇ, ಡಿಪ್ರೆನ್ಸಿನ ಬುದ್ಧಿ ಇದೇಯ. ಕೆಲ್ವು ಮನೇಲಿ ದುಡಿಯೋ ಮಗುನ್ಗೆ ಬರೀ ಮುದ್ದೆ, ಪೋಲಿ ಮಗುನ್ಗೆ ತುಪ್ಪ. ಯಾವ್ ಚಕ್ರ ಸುಮ್ನೆ ಸುತ್ತುತದೋ ಎಲ್ಲಾನೂ ಅದ್ಕೇ ಸುರೀತದೆ." ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಲೇ ಅಪ್ಪಾ, ಎಡ್ಗಡೆ ಬ್ರೇಕ್ ಒಂದ್ನೇ ತುಳೀಲಾ, ಮೆತ್ತಗೆ!" ಎಂದು ಕೂಗಿದರು. ಟ್ರಾಕ್ಟರಿಗೆ ಎರಡು ಹಿಂಚಕ್ರಕ್ಕೂ ಬೇರೆ ಬೇರೆ ಬ್ರೇಕು. ಅವನು ತುಳಿದ. ಪೋಲಿ ಚಕ್ರ ತಡೆದು ನಿಂತಿತು, ಅತ್ತ ಹೋಗುತ್ತಿದ್ದ ಬಲ ಬಲಗಡೆಯ ಚಕ್ರಕ್ಕೂ ಬಂತು, ಟ್ರಾಕ್ಟರು ಮೆಲ್ಲಗೆ ರಸ್ತೆಗೆ ಹತ್ತಿತು. ಅವನು ಒಂದು ಜಲ್ಲೆ ಕಬ್ಬು ಕೊಟ್ಟ. ಅವತ್ತಿನ ಪಾಠ ಕಬ್ಬು ತಿನ್ನುವುದರಲ್ಲಿ ಮುಗಿಯಿತು.

ಇಂಥ ಅಕ್ಕ ಮೊದಲ ಟೆಸ್ಟಿನಲ್ಲಿ ಫೇಲಾದರು. ಫೇಲಾದ ಬಗೆಯನ್ನು ಹೇಳಿದರೆ ನೀವು ನಂಬುವುದಿಲ್ಲ. ಟೆಸ್ಟಿನ ಮೈದಾನದಲ್ಲಿ ಎಂಟರ ಆಕಾರದ ಹಾದಿಯಲ್ಲಿ ಕಾರು ತಿರುಗಿಸಬೇಕು. ಅಕ್ಕ ಚೆನ್ನಾಗಿಯೇ ತಿರುಗಿಸುತ್ತಿದ್ದರು. ಅರ್ಧ ಎಂಟು ಮುಗಿದಿತ್ತು. ಇದ್ದಕ್ಕಿದ್ದಂತೆ ಕಾರು ನಿಂತಿತು. ಅಕ್ಕ ಇಳಿದರು. ಸೀರೆಯ ನೆರಿಗೆ ಎತ್ತಿ ಹಿಡಿದು ಮುಂದಿನ ಚಕ್ರದ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಒಳಗೆ ಇಣುಕಿದರು.

ಇನ್‌ಸ್ಪೆಕ್ಟರು ಓಡಿಬಂದರು. "ಏನಾಯ್ತಮ್ಮ?"

"ತಿರುವಲ್ಲಿ ಟಕ ಟಕ ಅಂತಿತ್ತು ಸಾ. ಚಕ್ರದ್ ಜಾಯಿಂಟು. ನೋಡಿ, ಮ್ಯಾಲ್ ಮುಚ್ಚಿರೋ ರಬ್ಬರ್ ಬೂಟು ಅರ್ದು ಒಳೀಕೆ ಮಣ್ ಓಗದೆ."

"ನೀವು ಡ್ರೈವಿಂಗ್ ಟೆಸ್ಟಿಗೆ ಬಂದಿದ್ದೀರೋ, ಗಾಡಿ ಚೆಕ್ ಮಾಡೋದಕ್ಕೋ?"

"ಎರಡ್ಕೂ ಸಾ."

ಮೈದಾನವೆಲ್ಲ ನಕ್ಕಿತು. ಇನ್‌ಸ್ಪೆಕ್ಟರೂ ನಕ್ಕರು, ನಕ್ಕೇ ಫೇಲ್ ಮಾಡಿದರು. ಅವರ ತಪ್ಪೇನೂ ಇಲ್ಲ. ಎಂಟನ್ನು ಅರ್ಧಕ್ಕೆ ಬಿಟ್ಟು ಇಳಿದವರನ್ನು ಯಾರು ತಾನೇ ಪಾಸು ಮಾಡುತ್ತಾರೆ? ಆ ಟಕಟಕ ನನಗೂ ಕೇಳಿಸುತ್ತಿತ್ತು. ನಾನು ರೇಡಿಯೋ ಜೋರು ಮಾಡಿಕೊಂಡು ಓಡಾಡುತ್ತಿದ್ದೆ.

ಜಾಯಿಂಟು ಹಾಕಿಸಿದೆ. ಆದರೆ ಅಕ್ಕನ ಉತ್ಸಾಹ ಇಳಿದುಹೋಗಿತ್ತು. ಯುಗಾದಿ ಹತ್ತಿರವಾಗುತ್ತಿತ್ತು. ಒಂದು ಮಧ್ಯಾಹ್ನ ಅಂಗಡಿಗೆ ಹೋದರೆ ಬೆಲ್ಟುಗಳ ಕೆಳಗೆ ಸುಮ್ಮನೆ ಕೂತಿದ್ದರು. ಗಿರಾಕಿಯೊಬ್ಬನಿಗೆ ಬೈಯದೆ ಬೆಲ್ಟು ಕೊಟ್ಟರು. ಅವನು ಅನುಮಾನದಿಂದ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಹೋದ. ನನಗೆ ಭಯವಾಯಿತು.

"ನಂಗ್ ಬರಾಕಿಲ್ಲ ಮೇಷ್ಟ್ರೇ" ಎಂದರು. "ಕೈಕಾಲು ನೀವ್ ಏಳ್ದಂಗೆ ಕೇಳ್ತವೆ. ಕಿವಿ ಕೇಳಾಕಿಲ್ಲ. ಎಲ್ಲೋ ಒಂದ್ ಸಬ್ದ ಬಂದ್ರೆ ರಸ್ತೆ ಮರ್ತೋಯ್ತದೆ."

"ಭಾನುವಾರ ಮಾತ್ರ ಕೇಳಿಸಿಕೊಳ್ಳಿ ಅಕ್ಕ. ಉಳಿದ ದಿನ ಬಿಡಿ."

"ಭಾನ್ವಾರ ನಾನು ಎಣ್ಣೆ ಓಡಾಡ್ಲಿ ಅಂತ ಸ್ಟಾರ್ಟ್ ಮಾಡ್ತೀನಿ ಅಂದ್ಕಂಡಿದ್ದೀರಾ?" ಅಕ್ಕ ಬೆಲ್ಟೊಂದನ್ನು ಕೈಗೆ ಸುತ್ತಿಕೊಂಡು ಬಿಚ್ಚಿದರು. "ಅವ್ರು ಓಡಿಸ್ವಾಗ 'ಏನ್ ಸಬ್ದ ಬತ್ತಾ ಅದೆ?' ಅಂತ ಕೇಳೋರು. ನಾನ್ ಏಳ್ತಿದ್ದೆ. ನಾವಿಬ್ರೂ ಬ್ಯಾರೆ ಏನೂ ಮಾತಾಡ್ತಾನೇ ಇರ್ನಿಲ್ಲ ಕಣ್ರಿ. ಈಗ್ಲೂ ಅಂಗೇ ಸಬ್ದ ಬತ್ತಾ ಅದಾ ಅಂತ ಕೇಳುಸ್ಕತೀನಿ. ಅದೂ ಗುಜರಿಗ್ ಓದ್ರೆ..."

ಆ ಹೆಂಗಸು ಮಾತನ್ನು ಅರ್ಧಕ್ಕೆ ಬಿಟ್ಟದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹೇಗಾದರೂ ಮಾಡಿ ಈಕೆಯನ್ನು ಪಾಸು ಮಾಡಿಸಲೇಬೇಕು ಎಂದು ಅವತ್ತು ಹಟ ಹಿಡಿದೆ. ದುಡಿಮೆಗಾಗಿ ಕಲಿಸುವವನಿಗೆ ಅಂಥ ಹಟ ಅಪರೂಪ.

ಉಪಾಯ ಹೊಳೆದದ್ದು ಮನೆಯಲ್ಲಿ. ನಾನು ಹುರಿದ ಕಡಲೆ ತಿನ್ನುತ್ತಾ ಕೂತಿದ್ದೆ. ಹೆಂಡತಿ ಅಡುಗೆಮನೆಯಿಂದ ಏನೋ ಹೇಳಿದಳು, ಕೇಳಿಸಲಿಲ್ಲ. ಮತ್ತೆ ಹೇಳಿದಳು, ಕೇಳಿಸಲಿಲ್ಲ. ಎದುರಿಗೆ ಬಂದು ನಿಂತು ಬೈದಾಗ ಬಾಯಿ ನಿಲ್ಲಿಸಿದೆ, ಆಗ ಕೇಳಿಸಿತು. ಕಟುಂ ಕಟುಂ ಎಂದು ಜಗಿಯುವಾಗ ಕಿವಿಯ ತುಂಬಾ ಕಡಲೆಯದೇ ಸದ್ದು! ಮಾರನೆಯ ದಿನ ಅಕ್ಕನಿಗೆ ಒಂದು ಪೊಟ್ಟಣ ಕೊಟ್ಟು, "ಬಾಯಿಗೆ ಹಾಕಿಕೊಂಡು ಓಡಿಸಿ" ಎಂದೆ. ಅನುಮಾನದಿಂದಲೇ ಹಾಕಿಕೊಂಡರು. ಯಳಂದೂರಿನವರೆಗೂ ಕಾರು ನೀಟಾಗಿ ಹೋಯಿತು. ಎದುರಿಗೆ ಬಂದ ಎತ್ತಿನಗಾಡಿ, ಅಡ್ಡ ಬಂದ ಕುರಿ, ಎಲ್ಲವೂ ಅಕ್ಕನ ಕಣ್ಣಿಗೆ ಬಿದ್ದವು. ಹಾರನ್ ಮಾತ್ರ ಕೇಳಿಸಿಕೊಳ್ಳಿ ಎಂದು ನಾನು ಪಕ್ಕದಲ್ಲಿ ಕೂಗುತ್ತಿದ್ದೆ.

ಎರಡನೆಯ ಟೆಸ್ಟಿಗೆ ಅಕ್ಕ ಕಡಲೆ ಜಗಿಯುತ್ತಲೇ ಕಾರು ಹತ್ತಿದರು. ಎಂಟು ಪೂರ್ತಿಯಾಯಿತು. ದಿಬ್ಬದಲ್ಲಿ ನಿಲ್ಲಿಸಿ ಹೊರಟಿದ್ದೂ ಆಯಿತು, ಸವೆಯುವ ಕ್ಲಚ್ ಪ್ಲೇಟಿನ ಮುಖ ನೋಡಲಿಲ್ಲ. ಇನ್‌ಸ್ಪೆಕ್ಟರು ಗುರುತು ಹಿಡಿದು, "ಇವತ್ತು ಏನೂ ಸದ್ದು ಬರಲಿಲ್ವೇನಮ್ಮ?" ಎಂದು ಕೇಳಿದರು. ಬಾಯಿ ತುಂಬಾ ಕಡಲೆ ಇದ್ದದ್ದರಿಂದ ಅಕ್ಕ ತಲೆ ಅಲ್ಲಾಡಿಸಿದರು. ಪಾಸು.

ಯುಗಾದಿಯ ಹಿಂದಿನ ದಿನ ಜ್ಯಾಕ್ ಕೊಟ್ಟು ಕಲ್ಲುಗಳನ್ನು ಒಂದೊಂದಾಗಿ ತೆಗೆದೆವು. ಜೀಪಿನ ಹಿಂಚಕ್ರಗಳು ನೆಲ ಮುಟ್ಟಿದಾಗ ಬಾಡಿ ಒಮ್ಮೆ ಜಗ್ಗಿ, ಸ್ಪ್ರಿಂಗ್ ಪಟ್ಟೆಗಳು ಕಿರ್ರೆಂದು, ಸುಮ್ಮನಾಯಿತು. ಅಕ್ಕ ಕೆಳಗೆ ತೂರಿ ಉದ್ದನೆಯ ಶಾಫ್ಟಿನ ಎರಡೂ ತುದಿಯ ಕ್ರಾಸಿಗೆ ಗ್ರೀಸ್ ತುಂಬಿದರು. ನಮ್ಮ ಮಣಿಕಟ್ಟು ಬಾಗಿದ ಹಾಗೆ ಶಾಫ್ಟು ಬಾಗುವುದು ಆ ಕ್ರಾಸಿನಿಂದಲೇ. ಅದಿಲ್ಲದಿದ್ದರೆ ಹಳ್ಳದಲ್ಲಿ ಹಿಂಚಕ್ರ ಎಗರಿದಾಗಲೆಲ್ಲ ಶಾಫ್ಟು ಮುರಿಯಬೇಕಾಗುತ್ತದೆ. ಕಾಗದಪತ್ರವನ್ನೆಲ್ಲ ನಾನು ಮೊದಲೇ ಓಡಾಡಿ ಸರಿ ಮಾಡಿಸಿಟ್ಟಿದ್ದೆ.

ಹಬ್ಬದ ದಿನ ಬೆಳಿಗ್ಗೆ ಬೇವುಬೆಲ್ಲ ತಿಂದು ಹೊರಟೆವು. ನಾನು ಎಡಗಡೆ ಕೂತೆ. ಅಲ್ಲಿ ಬ್ರೇಕಿರಲಿಲ್ಲ, ಕಾಲು ಮಾತ್ರ ನೆಲವನ್ನು ತುಳಿಯುತ್ತಲೇ ಇತ್ತು. ಮಧುವನಹಳ್ಳಿ ದಾಟುವವರೆಗೆ ಅಕ್ಕ ಉಸಿರೇ ಬಿಟ್ಟಂತೆ ಕಾಣಲಿಲ್ಲ. ಕಾಮಗೆರೆಯಲ್ಲಿ, ಹೊಸ ಬಟ್ಟೆ ತೊಟ್ಟು ನಿಂತಿದ್ದ ಜನರ ಎದುರಿಗೆ ಸರಿಯಾಗಿ, ಜೀಪು ಕುಪ್ಪಳಿಸಿ ಆಫಾಯಿತು. ಹಿಂದಿನ ಬಸ್ಸಿನವನು ಹಾರನ್ ಬಾರಿಸಿದ. ಅಕ್ಕ ತಿರುಗಿ, "ನಿಂದೂ ಒಂದಿನ ನಿಂತೇ ನಿಲ್ತದೆ ಕಣ್ಲಾ, ಬೆಲ್ಟ್‌ಗೆ ನಮ್ ಅಂಗ್ಡೀಗೇ ಬರ್ಬೇಕು!" ಎಂದು ಕೂಗಿ, ಸ್ಟಾರ್ಟ್ ಮಾಡಿ, ಕ್ಲಚ್ಚನ್ನು ಬೇಕಾದಷ್ಟು ಜಾರಿಸಿಕೊಂಡು ಹೊರಟರು. ಅಲ್ಲಿಂದ ಮುಂದೆ ಕಡಲೆಯ ಪೊಟ್ಟಣ ಬಿಚ್ಚಲೇ ಇಲ್ಲ. ನಾನು ಕೇಳಿದ್ದಕ್ಕೆ, "ಬ್ಯಾಡ. ಸಬ್ದ ಬತ್ತಾ ಅದೆ. ಬರ್ಲಿ ಬುಡಿ, ಅದ್ರ ಪಾಡ್ಗೆ" ಎಂದರು.

ಹನೂರಿನಲ್ಲಿ ತಮ್ಮನ ಮನೆಯ ಮುಂದೆ ನಿಲ್ಲಿಸಿ ಹಾರನ್ ಒತ್ತಿದರು. ತಮ್ಮ ಎಣ್ಣೆಸ್ನಾನದ ತಲೆಯಲ್ಲೇ ಹೊರಗೆ ಬಂದ. ಮೊದಲು ನನ್ನನ್ನು ನೋಡಿ, "ನೀವ್ ಓಡುಸ್ಕಂಡ್ ಬಂದ್ರಾ ಸಾ?" ಎಂದ.

"ನಾನು ಪ್ಯಾಸೆಂಜರು ಕಣಪ್ಪ" ಎಂದೆ.

ಅವನು ಆಗ ಸ್ಟೇರಿಂಗಿನ ಹಿಂದೆ ಕೂತವರನ್ನು ನೋಡಿದ. ಜೀಪನ್ನು ಒಂದು ಸುತ್ತು ಬಂದ. ಬಾನೆಟ್ಟನ್ನು ಒಮ್ಮೆ ಸವರಿ, ಮನೆಯೊಳಗೆ ಹೋಗಿಬಿಟ್ಟ. ಅಕ್ಕನ ಮುಖ ಸಣ್ಣದಾಯಿತು. "ಸೋತ ಅಂತ ಕ್ವಾಪ ಬಂತೇನೋ" ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಅವನು ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೊರಗೆ ಬಂದ. ತಟ್ಟೆಯಲ್ಲಿ ನಿಂಬೆಹಣ್ಣುಗಳಿದ್ದವು. ಬಾನೆಟ್ಟಿಗೆ ಕುಂಕುಮ ಇಟ್ಟು, ಬಗ್ಗಿ ಒಂದೊಂದು ಚಕ್ರದ ಮುಂದೆ ಒಂದೊಂದು ಹಣ್ಣಿಟ್ಟ. ನಾವೆಲ್ಲ ಹೊಸ ಗಾಡಿ ತಂದಾಗ ಮಾಡುವ ಶಾಸ್ತ್ರ ಅದು.

"ಅಳೇ ಗಾಡಿಗ್ಯಾಕ್ಲಾ ನಿಂಬೆಅಣ್ಣು?" ಎಂದರು ಅಕ್ಕ.

"ಗಾಡಿಗಲ್ಲ ಕಣಕ್ಕ" ಎಂದ ಅವನು. "ಡ್ರೈವರ್ ಒಸಬ್ಳಲ್ವಾ?"

ಅಕ್ಕ ಅತ್ತರು. ತಮ್ಮನೂ ಅತ್ತ. ನಾನು ಕೂಡ, ಯಾಕೆ ಸುಳ್ಳು ಹೇಳಲಿ. ಆಮೇಲೆ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ನೀವ್ ಒಸಿ ಇಳೀರಿ. ಇವ್ನು ಕೂತ್ಕಳ್ಳಿ. ಒಂದ್ ರೌಂಡ್ ಓಗ್ಬುಟ್ಟು ಬತ್ತೀವಿ."

ಇಳಿದೆ. ತಮ್ಮ ಎಡಗಡೆ ಹತ್ತಿ, ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡ. ಕ್ಲಚ್ಚು ಮೆಲ್ಲಗೆ ಮೇಲೆ ಬಂತು, ನಾಲ್ಕು ಹಣ್ಣೂ ಪಚಕ್ಕೆಂದವು, ಜೀಪು ಬೀದಿಯ ತಿರುವಿನಲ್ಲಿ ಮರೆಯಾಯಿತು. ಅವನ ಹೆಂಡತಿ ನನಗೆ ಒಬ್ಬಟ್ಟು ಬಡಿಸಿದಳು. ತಿಂದೆ. ಜಗುಲಿಯ ಮೇಲೆ ಒಂದು ಸಣ್ಣ ನಿದ್ದೆಯೂ ಆಯಿತು. ಒಂದು ರೌಂಡು ಎಂದು ಹೋದ ಅಕ್ಕ ತಮ್ಮ ಇಬ್ಬರೂ ಕೌದಳ್ಳಿ ದಾಟಿ ಘಾಟಿ ಶುರುವಾಗುವ ತನಕ ಹೋಗಿದ್ದರಂತೆ. ನಾನು ಬಿಸಿಲು ಇಳಿಯುವವರೆಗೆ ಕಾದು, ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ವಾಪಸ್ಸು ಬಂದೆ.